ಪದ್ಯ ಮುಗಿಯಲಿ, ಆಮೇಲೆ ಕೊಂಡಿ

ಬೀಥೋವನ್‌ನ ಒಂಬತ್ತನೆಯ ಸಿಂಫನಿ ಒಂದು ಗಂಟೆಗೂ ಮೀರಿದ ಕೃತಿ. ಪಾಶ್ಚಾತ್ಯ ಸ್ವರಲಿಪಿ ಬಾರದವರಿಗೆ ಅದರೊಳಗೆ ಏನೇನು ನಡೆಯುತ್ತಿದೆ ಎಂದು ಹಿಡಿಯುವುದು ಕಷ್ಟ. ಅದನ್ನು ಕುರಿತ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಆದರೆ ಪುಸ್ತಕ ಓದುವಾಗ ಸಂಗೀತ ಇರುವುದಿಲ್ಲ, ಸಂಗೀತ ಕೇಳುವಾಗ ಯಾವ ಪುಟ ಯಾವ ಗಳಿಗೆಯದು ಎಂದು ತಿಳಿಯುವುದಿಲ್ಲ. 1989ರಲ್ಲಿ ಅಮೆರಿಕದ ವಾಯೇಜರ್ ಕಂಪನಿ ಇವೆರಡನ್ನೂ ಒಂದೆಡೆ ತಂದಿತು. ಸಂಗೀತಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ವಿಂಟರ್ ಬರೆದ ವಿವರಣೆಯನ್ನು ಆ ಸಿಂಫನಿಯ ಸಿ.ಡಿ.ಯ ಜೊತೆ ಸಾಲುಸಾಲಾಗಿ ಹೊಂದಿಸಿ, ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲಿ ನೋಡುತ್ತ ಕೇಳುವ ಹಾಗೆ ಮಾಡಿತು. ತಂತಿವಾದ್ಯಗಳು ಒಂದು ತಿರುವು ತೆಗೆದುಕೊಂಡರೆ ಆ ತಿರುವಿನ ಮಾತು ಅದೇ ಗಳಿಗೆಗೆ ಪರದೆಯ ಮೇಲೆ ಬರುತ್ತಿತ್ತು. ಬೇಕಾದ ಜಾಗಕ್ಕೆ ಹೋಗಿ ಮತ್ತೆ ಕೇಳಬಹುದಿತ್ತು. ಬೀಥೋವನ್ ಬದುಕಿದ ಕಾಲದ ಬಗ್ಗೆ ಓದಬೇಕೆನಿಸಿದರೆ ಅದಕ್ಕೂ ಅಲ್ಲೇ ಬಾಗಿಲಿತ್ತು.

ಅಕ್ಷರ, ಚಿತ್ರ, ದನಿ, ಚಲನಚಿತ್ರ ಎಲ್ಲವನ್ನೂ ಕೊಂಡಿಗಳಿಂದ ಹೆಣೆದು ಓದುಗನ ಕೈಗೆ ಕೊಡುವ ಈ ಕನಸಿಗೆ ಆಗಲೇ ಕಾಲು ಶತಮಾನದ ವಯಸ್ಸಾಗಿತ್ತು. ಹೈಪರ್‌ಟೆಕ್ಸ್ಟ್, ಹೈಪರ್‌ಮೀಡಿಯಾ ಎಂಬ ಹೆಸರುಗಳನ್ನು ಟೆಡ್ ನೆಲ್ಸನ್ 1965ರಲ್ಲೇ ಕೊಟ್ಟಿದ್ದರು. 1987ರಲ್ಲಿ ಬಿಲ್ ಅಟ್ಕಿನ್ಸನ್ ರೂಪಿಸಿದ ಹೈಪರ್‌ಕಾರ್ಡ್ ತಂತ್ರಾಂಶ ಬಂದಾಗ ಪ್ರೋಗ್ರಾಮರ್ ಅಲ್ಲದವರೂ ಇಂಥದನ್ನು ಕಟ್ಟಬಹುದಾಯಿತು. ವಿಂಟರ್ ಅವರ ಬೀಥೋವನ್ ನಿಂತದ್ದೂ ಅದರ ಮೇಲೆಯೇ. ಆಮೇಲೆ ಟಿಮ್ ಬರ್ನರ್ಸ್-ಲೀ ಅವರ ವೆಬ್ ಬಂತು, 1993ರಲ್ಲಿ ಮೊಸಾಯಿಕ್ ಬ್ರೌಸರ್ ಅಕ್ಷರಗಳ ನಡುವೆಯೇ ಚಿತ್ರ ತೋರಿಸಿತು. ಇವತ್ತು ನಮ್ಮ ಸರಕಾರಿ ಶಾಲೆಯ ಪಠ್ಯಪುಸ್ತಕದಲ್ಲೂ ಒಂದು ಕ್ಯೂಆರ್ ಕೋಡ್ ಇರುತ್ತದೆ. ಫೋನ್ ಹಿಡಿದರೆ ದೀಕ್ಷಾ ಆ್ಯಪ್‌ನಲ್ಲಿ ಪಾಠದ ವಿಡಿಯೊ ತೆರೆಯುತ್ತದೆ.

ಇದರಿಂದ ಓದು ಆಳವಾಯಿತೇ, ಚೆದುರಿತೇ? ಈ ಪ್ರಶ್ನೆಗೆ ಎರಡೂ ಕಡೆಯವರು ತಮ್ಮ ತಮ್ಮ ಉತ್ತರವನ್ನು ಬಹಳ ಗಟ್ಟಿಯಾಗಿ ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಕೊಂಡಿಯ ಪರವಾಗಿ ನಿಂತವರ ಅತಿ ಬಲವಾದ ವಾದ ಸರಳವಾದದ್ದು: ಕೆಲವು ವಿಷಯಗಳು ಅಕ್ಷರದಲ್ಲಿ ಇರುವುದೇ ಇಲ್ಲ. ಹಂಪಿಯ ವಿಠ್ಠಲ ದೇವಸ್ಥಾನದ ಸಂಗೀತದ ಕಂಬಗಳನ್ನು ಈಗ ಯಾರೂ ತಟ್ಟುವಂತಿಲ್ಲ. ಕಲ್ಲು ಸವೆಯುತ್ತದೆಂದು ನಿಷೇಧಿಸಿದ್ದಾರೆ, ಅದು ಸರಿಯೂ ಹೌದು. ಹಾಗಾಗಿ ಆ ಕಂಬದ ಮುಂದೆಯೇ ನಿಂತವನಿಗೂ ಅದರ ನಾದ ಕೇಳಬೇಕಾದರೆ ಧ್ವನಿಮುದ್ರಣವೇ ಗತಿ. ಚಿತ್ರದ ಪಕ್ಕದಲ್ಲಿ ಆ ದನಿ ಇಲ್ಲದ ಹಂಪಿಯ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಒಂದು ಭಾಗದಲ್ಲಿ ಮೂಕ.

ನನಗೆ ಇನ್ನೂ ಹತ್ತಿರದ ಉದಾಹರಣೆ ಕುಮಾರವ್ಯಾಸ. ಭಾಮಿನಿ ಷಟ್ಪದಿಯ ಲೆಕ್ಕ ಶಾಲೆಯಲ್ಲಿ ಎಲ್ಲರೂ ಕಲಿತದ್ದೇ. 1, 2, 4, 5ನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ. 3 ಮತ್ತು 6ನೆಯ ಸಾಲಿನಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23 ಮಾತ್ರೆ. ಪೂರ್ತಿ ಪದ್ಯಕ್ಕೆ 102. ಲೆಕ್ಕ ಗೊತ್ತಿದ್ದೂ ಅಚ್ಚಿನ ಪುಟದ ಮುಂದೆ ಕುಳಿತವನು ತಡವರಿಸುತ್ತಾನೆ. ಪದವೊಂದು ಸಾಲಿನ ತುದಿಯಲ್ಲಿ ಮುರಿದು ಮುಂದಿನ ಸಾಲಿಗೆ ಇಳಿದಿರುತ್ತದೆ, ಸಂಧಿಯಾದ ಮೂರು ಪದ ಒಂದೇ ಪದದ ಹಾಗೆ ಕಾಣುತ್ತದೆ, ಮಾತು ಕೃಷ್ಣನದೋ ಕರ್ಣನದೋ ತಿಳಿಯುವುದಿಲ್ಲ. ಅದೇ ಪದ್ಯವನ್ನು ಒಳ್ಳೆಯ ಗಮಕಿಯೊಬ್ಬರು ವಾಚನ ಮಾಡಿದರೆ ಅರ್ಧ ಅರ್ಥ ಅಲ್ಲೇ ಆಗಿಹೋಗುತ್ತದೆ. ಎಲ್ಲಿ ಪದ ಬಿಡಿಸಬೇಕು, ಎಲ್ಲಿ ಉಸಿರು ಹಿಡಿಯಬೇಕು, ಯಾವ ಭಾವಕ್ಕೆ ಯಾವ ರಾಗ ಎಂಬುದೆಲ್ಲ ದನಿಯಲ್ಲಿದೆ. ಶಿವಮೊಗ್ಗ ಬಳಿಯ ಹೊಸಹಳ್ಳಿಯಲ್ಲಿ ಈ ಕಲೆ ಊರಿನ ಬದುಕೇ ಆಗಿದೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಗಮಕ ಎಂದರೇನು ಎಂದು ಕೇಳಿದ ಕನ್ನಡಿಗರೂ ಇದ್ದರು ಎನ್ನುವುದು ಬೇಸರದ ಮಾತು.

ಕುಮಾರವ್ಯಾಸನ ಗದುಗಿನ ಭಾರತದ ಪಠ್ಯ ಅಂತರಜಾಲದಲ್ಲಿದೆ. ಗಮಕದ ಧ್ವನಿಮುದ್ರಣಗಳು ಯೂಟ್ಯೂಬ್‌ನಲ್ಲಿವೆ. ಹೆಚ್ಚಿನಂಶ ಒಂದಕ್ಕೊಂದು ಪರಿಚಯವೇ ಇಲ್ಲದಂತೆ ಬೇರೆ ಬೇರೆ ಕಡೆ ಇವೆ. ಓದುತ್ತಿರುವ ಪದ್ಯ ಎರಡು ಗಂಟೆಯ ಯಾವ ವಿಡಿಯೊದ ಎಷ್ಟನೆಯ ನಿಮಿಷದಲ್ಲಿದೆ ಎಂದು ಹುಡುಕುವಷ್ಟರಲ್ಲಿ ಉತ್ಸಾಹ ಬತ್ತುತ್ತದೆ. ದನಿ ಮುಂದುವರಿದ ಹಾಗೆ ಸಾಲು ಬೆಳಗುತ್ತ ಹೋಗುವ ಏರ್ಪಾಡು ಇ-ಪುಸ್ತಕಗಳ ಇ-ಪಬ್ 3 ಮಾನಕದಲ್ಲೇ ಇದೆ. ಯಾವ ಸಾಲು ಯಾವ ಸೆಕೆಂಡಿಗೆ ಶುರು, ಯಾವ ಸೆಕೆಂಡಿಗೆ ಮುಗಿತಾಯ ಎಂದು ಒಂದು ಚಿಕ್ಕ ಕಡತದಲ್ಲಿ ಬರೆದಿಟ್ಟರೆ ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಬೇಕಾದದ್ದು ಕೂತು ಬರೆಯುವ ತಾಳ್ಮೆ.

ಅಕ್ಷರವನ್ನೂ ದನಿಯನ್ನೂ ಒಟ್ಟಿಗೆ ಓಡಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿದೆ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ 1996ರಲ್ಲಿ ಒಂದು ಯೋಚನೆ ಮುಂದಿಟ್ಟರು: ಟಿ.ವಿ.ಯಲ್ಲಿ ಬರುವ ಸಿನಿಮಾ ಹಾಡಿನ ಸಾಹಿತ್ಯವನ್ನು ಹಾಡಿನ ಭಾಷೆಯಲ್ಲೇ ತೆರೆಯ ಕೆಳಗೆ ಬರೆಯೋಣ, ಹಾಡುತ್ತಿರುವ ಪದಕ್ಕೆ ಬಣ್ಣ ಬದಲಾಗಲಿ. 1999ರಲ್ಲಿ ದೂರದರ್ಶನದ ಗುಜರಾತಿ ಹಾಡುಗಳ ಕಾರ್ಯಕ್ರಮದಲ್ಲಿ ಇದು ಶುರುವಾಗಿ ಆಮೇಲೆ ಹಿಂದಿಯ ಚಿತ್ರಹಾರಕ್ಕೂ ಹಬ್ಬಿತು. ಅಲ್ಪಸ್ವಲ್ಪ ಅಕ್ಷರ ಬಲ್ಲವರು ಹಾಡು ಗುನುಗುತ್ತಲೇ ಓದಿನಲ್ಲಿ ಸುಧಾರಿಸಿದರು. ಅವರಿಗೆ ಒತ್ತಲು ಗುಂಡಿ ಇರಲಿಲ್ಲ, ಆಯ್ಕೆ ಇರಲಿಲ್ಲ. ಬರೀ ಜೋಡಣೆಯೇ ಕೆಲಸ ಮಾಡಿತು.

ಇನ್ನು ಎದುರು ಪಕ್ಷದ ಮಾತು. ಅವರು ಹೇಳುವುದು: ಓದು ಎಂದರೆ ಒಂದು ಯೋಚನೆಯ ಜೊತೆ ಕೊನೆವರೆಗೂ ನಡೆಯುವುದು. ನಡುವೆ ಹತ್ತು ಬಾಗಿಲು ತೆರೆದಿಟ್ಟರೆ ಯಾರೂ ಕೊನೆ ಮುಟ್ಟುವುದಿಲ್ಲ. ನಿಕೊಲಸ್ ಕಾರ್ 2010ರಲ್ಲಿ ಇದನ್ನೇ ಪುಸ್ತಕವಾಗಿ ಬರೆದರು. ಇದು ಹಳೆಯ ಕಾಲವನ್ನು ನೆನೆದು ಕೊರಗುವ ಮಾತಲ್ಲ, ಇದರ ಹಿಂದೆ ಪ್ರಯೋಗಗಳೂ ಇವೆ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಸಂಗಡಿಗರು ಮಿಂಚು ಹೇಗೆ ಹುಟ್ಟುತ್ತದೆ ಎಂಬ ಸಣ್ಣ ಪಾಠವನ್ನು ಅನಿಮೇಷನ್ ಮತ್ತು ದನಿಯಲ್ಲಿ ಮಾಡಿ ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದರು. ಅದೇ ಪಾಠಕ್ಕೆ ಸಿಡಿಲಿನ ಬಗೆಗಿನ ಕುತೂಹಲಕರ ವಿಡಿಯೊ ತುಣುಕುಗಳನ್ನು ಸೇರಿಸಿದಾಗ ಕಲಿಕೆ ಕುಗ್ಗಿತು. ಹೇಳುತ್ತಿರುವ ಮಾತನ್ನೇ ಪರದೆಯ ಮೇಲೆ ಬರೆದು ತೋರಿಸಿದಾಗಲೂ ಕುಗ್ಗಿತು. ಕಣ್ಣು ಚಿತ್ರ ನೋಡಬೇಕೋ ಅಕ್ಷರ ಓದಬೇಕೋ ಎಂಬ ಎಳೆದಾಟದಲ್ಲಿ ಮಿಂಚಿನ ವಿಷಯ ತಪ್ಪಿಹೋಗುತ್ತದೆ.

ಕೊಠಾರಿಯವರ ಫಲಕ್ಕೂ ಮೇಯರ್ ಅವರ ಫಲಕ್ಕೂ ತಾಳೆಯಾಗುವುದಿಲ್ಲವಲ್ಲ ಎಂದು ಅನ್ನಿಸಬಹುದು. ನಾನು ಓದಿಕೊಂಡ ಮಟ್ಟಿಗೆ ಎರಡೂ ನಿಜ. ಮೇಯರ್ ಎದುರು ಕುಳಿತವರಿಗೆ ಓದು ಸಲೀಸು, ವಿಷಯ ಹೊಸದು. ಗುಜರಾತಿನ ಪ್ರೇಕ್ಷಕರಿಗೆ ಹಾಡು ಬಾಯಿಪಾಠ, ಓದು ಹೊಸದು. ಒಬ್ಬರಿಗೆ ಹೊರೆಯಾದ ಅಕ್ಷರ ಇನ್ನೊಬ್ಬರಿಗೆ ಊರುಗೋಲಾಯಿತು. ಅಕ್ಷರದ ಜೊತೆ ದನಿ ಇರಬೇಕೋ ಬೇಡವೋ ಎಂದು ಗಾಳಿಯಲ್ಲಿ ಕೇಳಿದರೆ ಉತ್ತರವಿಲ್ಲ. ಯಾರಿಗೆ, ಏನು ಕಲಿಯಲು ಎಂದು ಮೊದಲು ಹೇಳಬೇಕು. ಕುಮಾರವ್ಯಾಸನನ್ನು ಮೊದಲ ಸಲ ಓದುವ ಪಿಯುಸಿ ಹುಡುಗಿ ಮಿಂಚಿನ ಪಾಠದ ವಿದ್ಯಾರ್ಥಿಗಿಂತ ಗುಜರಾತಿನ ಪ್ರೇಕ್ಷಕರಿಗೆ ಹತ್ತಿರದವಳು ಎಂದು ನನ್ನ ನಂಬಿಕೆ.

ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಉಪಯುಕ್ತ ಎನಿಸಿದ್ದು 2015ರ ಒಂದು ಅಧ್ಯಯನ. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳ ಡಿಜಿಟಲ್ ಕಥೆಪುಸ್ತಕಗಳ ಬಗ್ಗೆ ಅದುವರೆಗೆ ನಡೆದ 43 ಅಧ್ಯಯನಗಳನ್ನು ಒಟ್ಟು ಮಾಡಿ ತೂಗಿದರು. 2,147 ಮಕ್ಕಳ ಮಾಹಿತಿ ಅದರಲ್ಲಿತ್ತು. ದೊಡ್ಡವರು ಕಥೆ ಓದಿ ಹೇಳುವಂಥ ಸಾಂಪ್ರದಾಯಿಕ ಕ್ರಮಕ್ಕೆ ಹೋಲಿಸಿದರೆ ಡಿಜಿಟಲ್ ಕಥೆಯಿಂದ ಸಣ್ಣ ಲಾಭ ಕಂಡಿತು, ಸಣ್ಣದಾದರೂ ನಿಜವಾದ ಲಾಭ. ಆದರೆ ಬಿಡಿಸಿ ನೋಡಿದಾಗ ಲಾಭ ಬಂದದ್ದು ಕಥೆಗೆ ಹೊಂದುವ ಚಲಿಸುವ ಚಿತ್ರ, ಸಂಗೀತ, ಶಬ್ದಗಳಿಂದ. ಮುಟ್ಟಿದರೆ ಏನಾದರೂ ಆಗುವ ಜಾಗಗಳು, ಆಟಗಳು, ಕಡೆಗೆ ಪದದ ಅರ್ಥ ಹೇಳುವ ನಿಘಂಟು ಕೂಡ ಮಕ್ಕಳ ಗಮನವನ್ನು ಕಥೆಯಿಂದ ಆಚೆಗೆ ಸೆಳೆದವು.

ಇಲ್ಲಿ ನಾವು ಸದಾ ಒಂದೇ ಮೂಟೆಯಲ್ಲಿ ಕಟ್ಟುವ ಎರಡು ಸಂಗತಿಗಳು ಬೇರೆಯಾಗುತ್ತವೆ. ಮಾಧ್ಯಮಗಳನ್ನು ಜೋಡಿಸುವುದು ಒಂದು, ಓದುಗನ ಕೈಗೆ ಗುಂಡಿ ಕೊಡುವುದು ಇನ್ನೊಂದು. ಚಿತ್ರ, ದನಿ ಕಥೆಯ ಜೊತೆಗೇ ನಡೆದರೆ ಓದು ಬೆಳೆಯುತ್ತದೆ. ಕಥೆಯ ನಡುವೆ ಮಗುವನ್ನು ಬೇರೆಡೆಗೆ ಕರೆದೊಯ್ದರೆ ಕುಗ್ಗುತ್ತದೆ. ಡಿಜಿಟಲ್ ಪುಸ್ತಕ ಮಾಡುವವರು ಮಾತ್ರ ಗುಂಡಿಯನ್ನೇ ದೊಡ್ಡ ಹೆಗ್ಗಳಿಕೆ ಎಂದು ಪ್ರಚಾರ ಮಾಡುತ್ತಾರೆ.

ನಿಘಂಟಿನ ವಿಷಯದಲ್ಲಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಾಲ್ಕೈದು ವರ್ಷದ ಮಗುವಿಗೆ ನಿಜವಾದದ್ದು ಪಂಪನನ್ನು ಓದಲು ಹೊರಟ ವಯಸ್ಕನಿಗೂ ನಿಜವಾಗಬೇಕಿಲ್ಲ. ಹಳಗನ್ನಡಕ್ಕೆ ಟಿಪ್ಪಣಿ ಇಲ್ಲದೆ ನಮ್ಮಲ್ಲಿ ಹೆಚ್ಚಿನವರು ಒಂದು ಪದ್ಯ ದಾಟಲಾರೆವು. ಅಚ್ಚಿನ ಪುಸ್ತಕವೂ ಅಡಿಟಿಪ್ಪಣಿ ಕೊಡುತ್ತದೆ, ಆದರೆ ಅದು ಅದೇ ಪುಟದ ಕೆಳಗಿರುತ್ತದೆ. ಕಣ್ಣು ಇಳಿದು ಮತ್ತೆ ಏರುತ್ತದೆ, ಪದ್ಯ ಕಣ್ಣೆದುರಿನಿಂದ ಹೋಗುವುದಿಲ್ಲ. ಪರದೆಯ ಕೊಂಡಿ ಬೇರೊಂದು ಪುಟಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಕರೆದೊಯ್ದರೆ ಪದ್ಯ ಕೈತಪ್ಪುತ್ತದೆ. ಹಾಗಾಗಿ ಟಿಪ್ಪಣಿ ಬೇಡ ಎನ್ನುವುದಕ್ಕಿಂತ ಅದು ಯಾವಾಗ, ಎಲ್ಲಿ ತೆರೆಯಬೇಕು ಎಂದು ಕೇಳುವುದು ಸರಿ.

ಇದಕ್ಕೆ ನಮ್ಮ ಗಮಕ ಪರಂಪರೆಯಲ್ಲೇ ಉತ್ತರವಿದೆ. ಗಮಕದ ಕಾರ್ಯಕ್ರಮದಲ್ಲಿ ಇಬ್ಬರಿರುತ್ತಾರೆ: ವಾಚನ ಮಾಡುವವರು, ವ್ಯಾಖ್ಯಾನ ಮಾಡುವವರು. ಪದ್ಯವೋ ಅರ್ಧ ಪದ್ಯವೋ ಒಂದು ನಿಲುಗಡೆಗೆ ಬರುವ ತನಕ ವ್ಯಾಖ್ಯಾನಕಾರರು ಬಾಯಿ ತೆರೆಯುವುದಿಲ್ಲ. ಆಮೇಲೆ ಪದದ ಅರ್ಥ ಹೇಳಿ, ಪ್ರಸಂಗ ಬಿಡಿಸಿ, ಬೇಕಾದರೆ ವ್ಯಾಸಭಾರತದ ಕಡೆಗೊಮ್ಮೆ ಹೋಗಿ, ತಿರುಗಿ ಗಮಕಿಗೆ ದಾರಿ ಬಿಡುತ್ತಾರೆ. ಕಾವ್ಯ, ದನಿ, ವಿವರಣೆ ಎಲ್ಲ ಸೇರಿದ ಹೆಣಿಗೆಯೇ ಇದು. ಎಲ್ಲಿ ನಿಲ್ಲಬೇಕೆಂದು ಕಾವ್ಯ ಬಲ್ಲವರು ತೀರ್ಮಾನಿಸುತ್ತಾರೆ ಎನ್ನುವುದೇ ಅದರ ಬಲ. ಡಿಜಿಟಲ್ ಆವೃತ್ತಿಯ ಸಂಪಾದಕರು ಈ ಒಂದು ಶಿಸ್ತನ್ನು ಪಾಲಿಸಿದರೂ ಅರ್ಧ ಆಕ್ಷೇಪಗಳು ಉಳಿಯುವುದಿಲ್ಲ.

ಪತ್ರಿಕೋದ್ಯಮದಲ್ಲೂ ಈ ಶಿಸ್ತು ಕಂಡ ಒಂದು ಕೃತಿಯಿದೆ. 2012ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ‘ಸ್ನೋ ಫಾಲ್’, ವಾಷಿಂಗ್ಟನ್ ರಾಜ್ಯದ ಟನಲ್ ಕ್ರೀಕ್‌ನಲ್ಲಿ ಮೂವರು ಸ್ಕೀಯರ್‌ಗಳನ್ನು ಬಲಿ ತೆಗೆದುಕೊಂಡ ಹಿಮಕುಸಿತದ ಕಥೆ. ಜಾನ್ ಬ್ರಾಂಚ್ ಬರೆದ ಆ ಲೇಖನಕ್ಕೆ ಮರುವರ್ಷ ಪುಲಿಟ್ಜರ್ ಬಂತು. ಬೆಟ್ಟದ ಇಳಿಜಾರಿನ ನಕ್ಷೆ, ಹಿಮ ಜಾರಿದ ಪರಿಯ ಅನಿಮೇಷನ್, ಬದುಕುಳಿದವರ ಮಾತು, ಎಲ್ಲ ಓದಿನ ದಾರಿಯಲ್ಲೇ ಬರುತ್ತಿದ್ದವು. ಆದರೆ ಅದರ ಹಿಂದೆ ತಿಂಗಳುಗಟ್ಟಲೆ ದುಡಿದ ದೊಡ್ಡ ತಂಡವಿತ್ತು. ಅದನ್ನು ನೋಡಿ ಮಾಡಿದ ಎಷ್ಟೋ ಅನುಕರಣೆಗಳಲ್ಲಿ ಅಲಂಕಾರವಷ್ಟೇ ಉಳಿಯಿತು. ಕನ್ನಡದ ಪತ್ರಿಕೆಗಳ ಸಂಪನ್ಮೂಲಕ್ಕೆ ಆ ಮಾದರಿ ಹೊಂದುವುದೂ ಇಲ್ಲ.

ಎದುರು ಪಕ್ಷದ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ. ಗಮನದ ವಾದಕ್ಕಿಂತ ನನ್ನನ್ನು ಹೆಚ್ಚು ಕಳವಳಗೊಳಿಸುವುದು ಅದೇ. 1086ರಲ್ಲಿ ಇಂಗ್ಲೆಂಡಿನ ಅರಸ ವಿಲಿಯಂ ತನ್ನ ನಾಡಿನ ಭೂಮಿ-ಆಸ್ತಿಯ ಲೆಕ್ಕ ಬರೆಸಿದ. ಅದಕ್ಕೆ ಡೂಮ್ಸ್‌ಡೇ ಬುಕ್ ಎಂದು ಹೆಸರು. ಅದರ 900ನೆಯ ವರ್ಷಕ್ಕೆ, 1986ರಲ್ಲಿ, ಬಿಬಿಸಿ ಹೊಸ ಡೂಮ್ಸ್‌ಡೇ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಶಾಲಾ ಮಕ್ಕಳು, ತಮ್ಮ ತಮ್ಮ ಊರಿನ ಬಗ್ಗೆ ಬರೆದು, ಚಿತ್ರ ತೆಗೆದು ಕಳಿಸಿದರು. ನಕ್ಷೆ, ಛಾಯಾಚಿತ್ರ, ವಿಡಿಯೊ, ಬರಹ ಎಲ್ಲವನ್ನೂ ಎರಡು ಲೇಸರ್ ಡಿಸ್ಕ್‌ಗಳ ಮೇಲೆ ಹೆಣೆದರು. ನಕ್ಷೆಯಲ್ಲಿ ಒಂದು ಜಾಗ ಆರಿಸಿದರೆ ಆ ಊರಿನ ಮಕ್ಕಳ ಬರಹ ತೆರೆಯುತ್ತಿತ್ತು. ಆದರೆ ಅದನ್ನು ನೋಡಲು ಬೇಕಾದ ವಿಶೇಷ ಡಿಸ್ಕ್ ಪ್ಲೇಯರ್, ಕಂಪ್ಯೂಟರ್‌ಗಳಿಗೆ ಸಾವಿರಾರು ಪೌಂಡ್ ಬೆಲೆ. ಬರೆದ ಮಕ್ಕಳಲ್ಲೇ ಹೆಚ್ಚಿನವರು ಅದನ್ನು ನೋಡಲಿಲ್ಲ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಯಂತ್ರಗಳೇ ಅಪರೂಪವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಚಿಗನ್ ವಿಶ್ವವಿದ್ಯಾಲಯದವರು ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ ಬರೆದು ಅದಕ್ಕೆ ಜೀವ ಕೊಡಬೇಕಾಯಿತು. 1086ರ ಚರ್ಮದ ಹಾಳೆಗಳನ್ನು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಈಗಲೂ ಹಾಗೆಯೇ ಓದಬಹುದು.

ಇದು ಒಂಟಿ ಪ್ರಕರಣವೂ ಅಲ್ಲ. ಮೈಕ್ರೋಸಾಫ್ಟ್‌ನ ಎನ್‌ಕಾರ್ಟ ವಿಶ್ವಕೋಶ 2009ರಲ್ಲಿ ನಿಂತಿತು. ಅಡೋಬಿ 2020ರ ಕೊನೆಗೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದಾಗ ಎರಡು ದಶಕಗಳ ಆಟ, ಅನಿಮೇಷನ್, ಪಾಠಗಳು ಒಟ್ಟಿಗೆ ಕತ್ತಲಾದವು. ನೋಡುಗನೇ ಕಥೆಯ ದಾರಿ ಆರಿಸುವ ‘ಬ್ಯಾಂಡರ್‌ಸ್ನ್ಯಾಚ್’ ಚಿತ್ರವನ್ನು ನೆಟ್‌ಫ್ಲಿಕ್ಸ್ 2018ರಲ್ಲಿ ಬಹಳ ಸದ್ದು ಮಾಡಿ ಬಿಡುಗಡೆ ಮಾಡಿ 2025ರಲ್ಲಿ ತೆಗೆದುಹಾಕಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ನೋಡಿದಾಗ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳಲ್ಲಿ ಸಿಗದಾಗಿದ್ದವು. ನಮ್ಮ ಕನ್ನಡಕ್ಕೆ ಇದರ ಮೇಲೊಂದು ಪೆಟ್ಟು: ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ರಾಶಿ ರಾಶಿ ಬರಹ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ಆದರೂ ಈ ವಾದವನ್ನು ಕೊನೆಯವರೆಗೆ ಒಯ್ಯಲು ನನಗೆ ಮನಸ್ಸಿಲ್ಲ. ಕಾಗದವೂ ಗೆದ್ದಲಿಗೆ ಹೋಗಿದೆ, ಓಲೆಗರಿಯೂ ಹೋಗಿದೆ. ದನಿಯ ಮಟ್ಟಿಗಂತೂ ಹೋಲಿಕೆಗೇ ಜಾಗವಿಲ್ಲ, ಧ್ವನಿಮುದ್ರಣ ಇಲ್ಲದಿದ್ದರೆ ಗಮಕಿಯ ಜೊತೆ ಗಮಕವೂ ಹೋಗುತ್ತದೆ. ಡೂಮ್ಸ್‌ಡೇ ಕುಸಿದದ್ದಕ್ಕೆ ಕಾರಣ ಮಾಧ್ಯಮಗಳನ್ನು ಹೆಣೆದದ್ದಲ್ಲ, ಅವನ್ನು ಒಂದೇ ಜಾತಿಯ ಯಂತ್ರಕ್ಕೆ ಕಟ್ಟಿಹಾಕಿದ್ದು. ಪಠ್ಯ, ದನಿ, ಚಿತ್ರಗಳನ್ನು ಎಲ್ಲರೂ ಬಳಸುವ ಮುಕ್ತ ಮಾನಕಗಳಲ್ಲಿ ಬಿಡಿಬಿಡಿಯಾಗಿ ಇಟ್ಟು, ಕೊಂಡಿಯನ್ನು ಬೇರೆಯಾಗಿ ಬರೆದಿದ್ದರೆ, ಕೊಂಡಿ ಹರಿದರೂ ಸರಕು ಉಳಿಯುತ್ತಿತ್ತು.

ಕೈಗೆಟುಕುವ ಪ್ರಶ್ನೆಯಲ್ಲೂ ತಕ್ಕಡಿ ಎರಡೂ ಕಡೆ ತೂಗುತ್ತದೆ. ಮನೆಗೊಂದೇ ಫೋನ್, ಅದು ಅಪ್ಪನ ಜೊತೆ ಕೆಲಸಕ್ಕೆ ಹೋದರೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಬರೀ ಕಪ್ಪು-ಬಿಳಿ ಚೌಕ. ಪಾಠದ ಮುಖ್ಯ ಭಾಗವನ್ನೇ ವಿಡಿಯೊಗೆ ಬಿಟ್ಟರೆ ಆ ಮಗುವಿಗೆ ಅನ್ಯಾಯ. ಅದೇ ಹೊತ್ತಿಗೆ, ಕಣ್ಣು ಕಾಣದ ವಿದ್ಯಾರ್ಥಿಗೆ ಅಕ್ಷರದ ಜೊತೆ ದನಿ ಕೂಡಿದ ಪುಸ್ತಕವೇ ಪುಸ್ತಕ. ಆದರೆ ಅವನಿಗೆ ಬೇಕಾದದ್ದು ಯೂನಿಕೋಡ್ ಪಠ್ಯ. ಕನ್ನಡದ ಕವಿತೆಯನ್ನು ಚೆಂದದ ಚಿತ್ರವಾಗಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಅವನ ಸ್ಕ್ರೀನ್ ರೀಡರ್‌ಗೆ ಅದು ಸಾಮಾನ್ಯವಾಗಿ ಖಾಲಿ. ಅಲಂಕಾರಕ್ಕೆ ಮಾಡಿದ ಜೋಡಣೆ ಒಬ್ಬನನ್ನು ಹೊರಗಿಟ್ಟ ಹಾಗೆ, ಯೋಚಿಸಿ ಮಾಡಿದ ಜೋಡಣೆ ಅವನನ್ನು ಒಳಗೆ ಕರೆಯಬಲ್ಲದು.

ನನ್ನ ತೀರ್ಮಾನ ಕೊಂಡಿಯ ಪರ, ಮೂರು ಷರತ್ತಿನ ಮೇಲೆ. ಅಕ್ಷರದಲ್ಲಿ ಇಲ್ಲದ್ದನ್ನು ತರುವುದಾದರೆ ಮಾತ್ರ ದನಿ, ಚಿತ್ರ ಬರಲಿ. ಬಂದರೆ ಓದಿನ ಜೊತೆಗೇ ನಡೆಯಲಿ, ಇಲ್ಲವಾದರೆ ಪದ್ಯ ಮುಗಿಯುವ ತನಕ ಕಾಯಲಿ. ಫೋನ್, ಡೇಟಾ, ಆ್ಯಪ್ ಯಾವುದೂ ಇಲ್ಲದಿದ್ದರೂ ಪಠ್ಯ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ವಾದ ಮಂಡಿಸುವ ಪ್ರಬಂಧಕ್ಕೆ, ಕಾದಂಬರಿಗೆ ಇದಾವುದರ ಅಗತ್ಯವೂ ನನಗೆ ಕಾಣುವುದಿಲ್ಲ, ಅವನ್ನು ಅವುಗಳ ಪಾಡಿಗೆ ಬಿಡುವುದು ಒಳ್ಳೆಯದು. ಗಮಕ, ಯಕ್ಷಗಾನ, ಜನಪದ ಕಾವ್ಯಗಳ ಮಾತು ಬೇರೆ. ಮಂಟೇಸ್ವಾಮಿ ಕಾವ್ಯವನ್ನು ಬರೀ ಅಚ್ಚಿನಲ್ಲಿ ಓದಿದವರು ಅದರ ತಂಬೂರಿಯನ್ನು ಕೇಳಿಯೇ ಇಲ್ಲ.

ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಗದುಗಿನ ಭಾರತದ ಹತ್ತು ಪರ್ವಗಳಲ್ಲಿ ಒಂದನ್ನಾದರೂ ಹೀಗೆ ಮಾಡಿ ತೋರಿಸಲಿ: ಯೂನಿಕೋಡ್ ಪಠ್ಯ, ಪದ್ಯಕ್ಕೊಂದು ವಾಚನ, ಪದ್ಯದ ಕೊನೆಗೆ ವ್ಯಾಖ್ಯಾನ, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ. ಓದುಗರಲ್ಲೂ ಒಂದು ಕೋರಿಕೆ ಇದೆ. ನಿಮ್ಮ ಮನೆಯಲ್ಲೋ ಊರಿನ ದೇವಸ್ಥಾನದಲ್ಲೋ ಗಮಕದ ಹಳೆಯ ಕ್ಯಾಸೆಟ್‌ಗಳಿದ್ದರೆ ಈ ವರ್ಷವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಟೇಪು ಹೆಚ್ಚು ಕಾಲ ಬಾಳುವುದಿಲ್ಲ. ಇಳಿಸಿದ ಮೇಲೆ ವಾಚಕರ ಹೆಸರು, ಪರ್ವ, ಸಂಧಿ, ಪದ್ಯಸಂಖ್ಯೆ, ಅದು ಶುರುವಾಗುವ ನಿಮಿಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಆ ಹಾಳೆ ಇದ್ದರೆ ಕೊಂಡಿ ಹಾಕುವ ಕೆಲಸವನ್ನು ಮುಂದೆ ಯಾರು ಬೇಕಾದರೂ ಮಾಡಬಹುದು.